ಒಂದು ಸಾಲು ಸೇರಿಸಿದರೆ ಇಡೀ ವರದಿ ಯಾಕೆ ಕದಲುತ್ತದೆ?

ಪ್ರಶ್ನೆ: ನನಗೆ 54 ವರ್ಷ. ಇತ್ತೀಚೆಗೆ ನಮ್ಮ ಸಂಘದ ಕಾರ್ಯದರ್ಶಿ ಕೆಲಸ ನನ್ನ ಹೆಗಲಿಗೆ ಬಿತ್ತು. ಪತ್ರ, ಸಭೆಯ ನಡಾವಳಿ, ವಾರ್ಷಿಕ ವರದಿ ಎಲ್ಲ ಕಂಪ್ಯೂಟರ್‌ನಲ್ಲಿ ನಾನೇ ಮಾಡಬೇಕು. ಎರಡೇ ಬೆರಳಲ್ಲಿ ಟೈಪ್ ಮಾಡಿ ಹೇಗೋ 14 ಪುಟದ ವರದಿ ಮುಗಿಸಿದೆ. ನನ್ನ ಪರದೆಯಲ್ಲಿ ಚೆನ್ನಾಗಿಯೇ ಇತ್ತು. ಅಧ್ಯಕ್ಷರಿಗೆ ಕಳಿಸಿದರೆ ಅವರ ಕಂಪ್ಯೂಟರ್‌ನಲ್ಲಿ ತಲೆಬರಹಗಳು ಪುಟದ ತಳಕ್ಕೆ ಹೋಗಿವೆ, ನಾನು ಹಾಕಿದ ಪುಟ ಸಂಖ್ಯೆ ಪುಟದ ಮಧ್ಯೆ ಬಂದು ಕೂತಿದೆ. ಒಂದು ಸಾಲು ಸೇರಿಸಿದರೂ ಇಡೀ ವರದಿ ಕದಲುತ್ತದೆ. ಮಗಳನ್ನು ಕೇಳಿದರೆ ಪಟಪಟ ಅಂತ ಏನೋ ಒತ್ತಿ ಸರಿ ಮಾಡಿ ಎದ್ದು ಹೋಗುತ್ತಾಳೆ, ನನಗೆ ಒಂದೂ ತಿಳಿಯುವುದಿಲ್ಲ. ಏನಾದರೂ ಒತ್ತಿ ಎಲ್ಲ ಕೆಡಿಸಿಬಿಟ್ಟರೆ ಅಂತ ಭಯ ಬೇರೆ. ಮೊದಲು ಟೈಪಿಂಗ್ ಕಲಿಯಬೇಕೇ? ಕೋರ್ಸ್‌ಗೆ ಸೇರಬೇಕೇ? ದುಡ್ಡು ಕೊಟ್ಟು ವರ್ಡ್ ಕೊಳ್ಳಬೇಕೇ, ಪುಕ್ಕಟೆ ಸಿಗುವುದು ಸಾಕೇ?

ಉತ್ತರ: ನೀವು ಕೇಳಿದ್ದು ಮೂರು ಪ್ರಶ್ನೆ. ಆದರೆ ನಿಮ್ಮ ನಿಜವಾದ ತೊಂದರೆ ಆ ಮೂರರಲ್ಲೂ ಇಲ್ಲ. ಅದಿರುವುದು ಅದಕ್ಕೂ ಮುಂಚೆ ಹೇಳಿದ ಮಾತಿನಲ್ಲಿ: ತಲೆಬರಹ ಕೆಳಗೆ ಹೋಯಿತು, ಸಂಖ್ಯೆ ಮಧ್ಯಕ್ಕೆ ಬಂತು, ಒಂದು ಸಾಲಿಗೆ ಎಲ್ಲವೂ ಕದಲಿತು. ಇದು ವಯಸ್ಸಿನಿಂದಲೋ ಎರಡು ಬೆರಳಿನ ಟೈಪಿಂಗ್‌ನಿಂದಲೋ ಆದದ್ದಲ್ಲ. ಕಚೇರಿಗಳಲ್ಲಿ ಈ ಕೆಲಸ ಕಲಿಸುತ್ತಾ ಬಂದಿದ್ದೇನೆ. ವರ್ಷಗಟ್ಟಲೆ ವರ್ಡ್ ಬಳಸುವವರು, ನಿಮಿಷಕ್ಕೆ ಪುಟಗಟ್ಟಲೆ ಬಡಿಯುವವರು ಕೂಡ ಇದೇ ಗುಂಡಿಗೆ ಬೀಳುತ್ತಾರೆ. ಬಿದ್ದದ್ದು ಅವರಿಗೆ ಗೊತ್ತಾಗುವುದಿಲ್ಲ ಅಷ್ಟೇ, ಯಾಕೆಂದರೆ ಪಟಪಟ ಅಂತ ಮತ್ತೆ ಎಂಟರ್ ಒತ್ತಿ ಸರಿ ಮಾಡಿಕೊಂಡುಬಿಡುತ್ತಾರೆ. ನಿಮ್ಮ ಮಗಳು ಮಾಡುವುದೂ ಬಹುಶಃ ಅದೇ!

ಪರದೆ ಕಾಗದದ ಹಾಗೆ ಕಾಣುತ್ತದಲ್ಲ, ಮೋಸ ಅಲ್ಲೇ ಇದೆ. 1974ರಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಸಂಶೋಧನಾ ಕೇಂದ್ರದಲ್ಲಿ ಬ್ರಾವೋ ಎಂಬ ತಂತ್ರಾಂಶ ಮಾಡಿದರು. ಅಚ್ಚಾದಾಗ ಹೇಗಿರುತ್ತದೋ ಪರದೆಯಲ್ಲೂ ಹಾಗೇ ಕಾಣಬೇಕು ಅನ್ನುವುದು ಅದರ ಉದ್ದೇಶ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಚಾರ್ಲ್ಸ್ ಸಿಮೋನಿ ಮುಂದೆ ಮೈಕ್ರೋಸಾಫ್ಟ್ ಸೇರಿದರು, 1983ರಲ್ಲಿ ವರ್ಡ್ ಬಂತು. ಅಲ್ಲಿಂದ ಇಲ್ಲಿಯವರೆಗೆ ನಾವೆಲ್ಲ ಪರದೆಯನ್ನು ಕಾಗದ ಅಂತಲೇ ತಿಳಿದು, ಟೈಪ್‌ರೈಟರ್‌ನಲ್ಲಿ ಮಾಡಿದ ಹಾಗೆ ಜಾಗ ಬೇಕಾದಲ್ಲಿ ಸ್ಪೇಸ್ ಒತ್ತಿ, ಕೆಳಗೆ ಹೋಗಬೇಕಾದಲ್ಲಿ ಎಂಟರ್ ಒತ್ತಿ ಕೆಲಸ ಸಾಗಿಸುತ್ತೇವೆ.

ಆದರೆ ಫೈಲಿನ ಒಳಗೆ ಪುಟ ಅನ್ನುವುದೇ ಇಲ್ಲ. ಅಲ್ಲಿರುವುದು ಒಂದರ ಹಿಂದೆ ಒಂದು ಪ್ಯಾರಾ, ಜೊತೆಗೆ ಒಂದಷ್ಟು ಸೂಚನೆ: ಈ ಫಾಂಟ್, ಈ ಗಾತ್ರ, ಇಷ್ಟು ಅಂಚು. ಎಲ್ಲಿ ಸಾಲು ಮುರಿಯಬೇಕು, ಎಲ್ಲಿ ಪುಟ ಮುಗಿಯಬೇಕು ಅನ್ನುವುದನ್ನು ಫೈಲ್ ತೆರೆದಾಗಲೆಲ್ಲ ತಂತ್ರಾಂಶ ಹೊಸದಾಗಿ ಲೆಕ್ಕ ಹಾಕುತ್ತದೆ. ನೀವು ಬಳಸಿದ ಫಾಂಟ್ ಅಧ್ಯಕ್ಷರ ಕಂಪ್ಯೂಟರ್‌ನಲ್ಲಿ ಇರಲಿಲ್ಲ ಅಂದುಕೊಳ್ಳಿ. ಅದು ಸುಮ್ನೆ ಇನ್ನೊಂದು ಫಾಂಟ್ ಹಾಕಿಕೊಳ್ಳುತ್ತದೆ. ಅಕ್ಷರದ ಅಗಲ ಒಂದು ಕೂದಲಷ್ಟು ಬದಲಾದರೂ ಸಾಕು, ಒಂದು ಪದ ಕೆಳಗಿನ ಸಾಲಿಗೆ ಜಾರುತ್ತದೆ, ಆ ಪ್ಯಾರಾ ಒಂದು ಸಾಲು ಬೆಳೆಯುತ್ತದೆ, 14 ಪುಟ ದಾಟುವಷ್ಟರಲ್ಲಿ ಅದು ಹತ್ತಾರು ಸಾಲಾಗಿರುತ್ತದೆ. ಹೊಸ ಪುಟದಲ್ಲಿ ತಲೆಬರಹ ಬರಲಿ ಅಂತ ನೀವು ಒತ್ತಿದ ಏಳೆಂಟು ಎಂಟರ್‌ಗಳು ಮಾತ್ರ ಏಳೆಂಟೇ ಇರುತ್ತವೆ. ಕುಂಟುವ ಮೇಜಿನ ಕಾಲಿಗೆ ಕಾಗದ ಮಡಚಿ ಇಟ್ಟ ಹಾಗೆ ಇದು, ಮೇಜು ಕದಲಿಸದಿದ್ದಷ್ಟು ಹೊತ್ತು ಸರಿ.

ಹಾಗಾಗಿ ನಿಮಗೆ ಮೊದಲು ಬೇಕಾಗಿರುವುದು ಟೈಪಿಂಗ್ ಅಲ್ಲ, ಕೋರ್ಸೂ ಅಲ್ಲ. ಆ ವರದಿಯನ್ನು ತೆರೆಯಿರಿ. ವರ್ಡ್ ಆದರೆ ಕಂಟ್ರೋಲ್, ಶಿಫ್ಟ್, 8 ಮೂರನ್ನೂ ಒಟ್ಟಿಗೆ ಒತ್ತಿ. ಪುಕ್ಕಟೆ ಸಿಗುವ ಲಿಬ್ರೆಆಫೀಸ್ ರೈಟರ್ ಆದರೆ ಕಂಟ್ರೋಲ್ ಮತ್ತು ಎಫ್10. ಗೂಗಲ್ ಡಾಕ್ಸ್‌ನಲ್ಲಿ ಇದು ವ್ಯೂ ಮೆನುವಿನಲ್ಲಿ ಶೋ ನಾನ್-ಪ್ರಿಂಟಿಂಗ್ ಕ್ಯಾರೆಕ್ಟರ್ಸ್ ಅಂತ ಸಿಗುತ್ತದೆ. ಒತ್ತಿದ ತಕ್ಷಣ ಪುಟದ ತುಂಬ ಇರುವೆ ಹರಿದ ಹಾಗೆ ಗುರುತುಗಳು ಬರುತ್ತವೆ. ಹೆದರಬೇಡಿ, ಅವು ಅಚ್ಚಾಗುವುದಿಲ್ಲ. ಪದಗಳ ನಡುವಿನ ಪ್ರತಿ ಚುಕ್ಕಿ ಒಂದು ಸ್ಪೇಸ್. ಸಣ್ಣ ಬಾಣ ಅಂದರೆ ಟ್ಯಾಬ್. ಹಿಂದು ಮುಂದಾದ ಪಿ ಅಕ್ಷರದಂತೆ ಕಾಣುವುದು ನೀವು ಎಂಟರ್ ಒತ್ತಿದ ಜಾಗ, ಅಂದರೆ ಪ್ಯಾರಾದ ಕೊನೆ.

ಈಗ ನಿಮ್ಮ ವರದಿಯ ಮೂರನೇ ಪುಟಕ್ಕೋ ನಾಲ್ಕನೇ ಪುಟಕ್ಕೋ ಹೋಗಿ ನೋಡಿ. ತಲೆಬರಹದ ಮೇಲೆ ಖಾಲಿ ಜಾಗ ಅಂತ ನೀವು ಅಂದುಕೊಂಡಿದ್ದ ಕಡೆ ಆ ಪಿ ಗುರುತುಗಳು ಒಂದರ ಕೆಳಗೆ ಒಂದು ಸಾಲಾಗಿ ನಿಂತಿರುತ್ತವೆ. ತಲೆಬರಹ ಮಧ್ಯಕ್ಕೆ ಬರಲಿ ಅಂತ ಎಡಗಡೆ ಇಪ್ಪತ್ತು ಮೂವತ್ತು ಚುಕ್ಕಿ ಇರಬಹುದು. ಪುಟದ ಕೊನೆಯಲ್ಲಿ ನೀವೇ ಕೈಯಾರೆ ಟೈಪ್ ಮಾಡಿದ 3, 4 ಇರುತ್ತದೆ. ತಂತ್ರಾಂಶದ ಕಣ್ಣಿಗೆ ಅದು ಪುಟ ಸಂಖ್ಯೆ ಅಲ್ಲ, ಒಂದು ಅಂಕಿ ಇರುವ ಒಂದು ಪ್ಯಾರಾ. ಮೇಲೆ ಬರಹ ಬೆಳೆದರೆ ಅದೂ ಜಾರುತ್ತದೆ, ಇನ್ನೇನು ಮಾಡೀತು?

ಈ ಗುರುತುಗಳನ್ನು ಒಂದು ವಾರ ಆರಿಸಬೇಡಿ, ಹಾಗೇ ಇಟ್ಟುಕೊಂಡು ಕೆಲಸ ಮಾಡಿ. ಮೊದಲೆರಡು ದಿನ ಕಿರಿಕಿರಿ ಅನ್ನಿಸುತ್ತದೆ. ಆಮೇಲೆ ಅವು ಇಲ್ಲದಿದ್ದರೇ ಕತ್ತಲಲ್ಲಿ ಕೂತ ಹಾಗಾಗುತ್ತದೆ. ಇನ್ನೊಂದು ಗುಟ್ಟೂ ಇದರಿಂದ ಗೊತ್ತಾಗುತ್ತದೆ. ವರ್ಡ್‌ನಲ್ಲಿ ಪ್ಯಾರಾದ ರೂಪ, ಅಂದರೆ ಎಡಕ್ಕೋ ಮಧ್ಯಕ್ಕೋ, ಸಾಲುಗಳ ನಡುವೆ ಎಷ್ಟು ಜಾಗ ಅನ್ನುವುದೆಲ್ಲ, ಆ ಕೊನೆಯ ಪಿ ಗುರುತಿನಲ್ಲೇ ಅಡಗಿರುತ್ತದೆ. ಅದನ್ನು ಅಳಿಸಿದರೆ ಎರಡು ಪ್ಯಾರಾ ಒಂದಾಗಿ, ಒಂದರ ರೂಪ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. "ಏನೂ ಮಾಡಲಿಲ್ಲ, ಸುಮ್ನೆ ಡಿಲೀಟ್ ಒತ್ತಿದೆ, ಕೆಳಗಿದ್ದದ್ದೆಲ್ಲ ದಪ್ಪ ಅಕ್ಷರ ಆಯಿತು" ಅಂತ ಬರುವ ದೂರುಗಳಲ್ಲಿ ಎಷ್ಟೋ ಇದೇ.

ಇನ್ನು ಪರಿಹಾರ. ತಲೆಬರಹಕ್ಕೆ ಅಕ್ಷರ ದೊಡ್ಡದು ಮಾಡಿ ಬೋಲ್ಡ್ ಮಾಡಿದರೆ ಅದು ತಲೆಬರಹ ಆಯಿತು ಅಂತ ಎಲ್ಲರೂ ನಂಬಿದ್ದಾರೆ. ನಮ್ಮ ಕಣ್ಣಿಗೆ ಆಯಿತು, ಕಂಪ್ಯೂಟರ್‌ಗೆ ಆಗಲಿಲ್ಲ. ಅದಕ್ಕೆ ಹೇಳಬೇಕು. ಹೇಳುವ ದಾರಿಯೇ ಸ್ಟೈಲ್. ತಲೆಬರಹದ ಸಾಲಿನಲ್ಲಿ ಕರ್ಸರ್ ಇಟ್ಟು, ಮೇಲಿನ ಪಟ್ಟಿಯಲ್ಲಿ ಹೆಡಿಂಗ್ 1 ಅನ್ನುವುದನ್ನು ಒತ್ತಿ. ವರ್ಡ್‌ನಲ್ಲೂ ಗೂಗಲ್ ಡಾಕ್ಸ್‌ನಲ್ಲೂ ಕಂಟ್ರೋಲ್, ಆಲ್ಟ್, 1 ಒತ್ತಿದರೂ ಆಯಿತು, ರೈಟರ್‌ನಲ್ಲಿ ಕಂಟ್ರೋಲ್ ಮತ್ತು 1 ಸಾಕು. ಬಣ್ಣ ಇಷ್ಟವಾಗಲಿಲ್ಲವೇ? ವರ್ಡ್‌ನಲ್ಲಿ ಆ ಸ್ಟೈಲಿನ ಹೆಸರಿನ ಮೇಲೆ ಬಲ ಕ್ಲಿಕ್ ಮಾಡಿ ಮಾಡಿಫೈ ಒತ್ತಿ, ಒಮ್ಮೆ ಬದಲಿಸಿದರೆ ವರದಿಯಲ್ಲಿರುವ ಎಲ್ಲ ತಲೆಬರಹವೂ ಒಟ್ಟಿಗೆ ಬದಲಾಗುತ್ತವೆ.

ನಿಮ್ಮ ದೂರಿಗೆ ನೇರ ಉತ್ತರವೂ ಇಲ್ಲೇ ಇದೆ. ವರ್ಡ್ ಮತ್ತು ರೈಟರ್‌ನ ಹೆಡಿಂಗ್ ಸ್ಟೈಲ್‌ಗಳಲ್ಲಿ ಕೀಪ್ ವಿತ್ ನೆಕ್ಸ್ಟ್ ಅನ್ನುವ ಸೂಚನೆ ಮೊದಲೇ ಸೇರಿರುತ್ತದೆ. ಮುಂದಿನ ಪ್ಯಾರಾವನ್ನು ಬಿಟ್ಟು ಇರಬೇಡ ಅಂತ ಅದರ ಅರ್ಥ. ತಲೆಬರಹ ಪುಟದ ತಳದಲ್ಲಿ ಒಂಟಿಯಾಗಿ ಉಳಿಯುವಂತಾದರೆ ತಾನಾಗಿ ಮುಂದಿನ ಪುಟಕ್ಕೆ ಹೋಗುತ್ತದೆ. ನೀವು ಎಂಟರ್ ಒತ್ತಿ ತಳ್ಳಬೇಕಾಗಿಲ್ಲ. ಯಾವುದೋ ಒಂದು ಭಾಗ ಹೊಸ ಪುಟದಿಂದಲೇ ಶುರುವಾಗಬೇಕು ಅಂತಿದ್ದರೆ ಕಂಟ್ರೋಲ್ ಎಂಟರ್, ಅಷ್ಟೇ. ಅದು ಪೇಜ್ ಬ್ರೇಕ್. ಮೇಲೆ ಎಷ್ಟೇ ಸೇರಿಸಿ, ಎಷ್ಟೇ ತೆಗೆಯಿರಿ, ಅದು ಲೆಕ್ಕ ತಪ್ಪುವುದಿಲ್ಲ. ಪುಟ ಸಂಖ್ಯೆ ಇನ್ಸರ್ಟ್ ಮೆನುವಿನಿಂದ ಹಾಕಿ. ಅದು ಅಂಚಿನಲ್ಲಿರುವ ಫೂಟರ್‌ನಲ್ಲಿ ಕೂರುತ್ತದೆ, ಬರಹದ ಜೊತೆ ಜಾರುವುದಿಲ್ಲ. ಪ್ಯಾರಾಗಳ ನಡುವಿನ ಜಾಗ ಕೂಡ ಖಾಲಿ ಎಂಟರ್‌ನಿಂದ ಅಲ್ಲ, ಪ್ಯಾರಾಗ್ರಾಫ್ ಕಿಟಕಿಯ ಸ್ಪೇಸಿಂಗ್‌ನಿಂದ ಬರಬೇಕು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲಿ ಒಂದು ಕಿರಿಕಿರಿ ಇದೆ, ಇದನ್ನು ಸಾಮಾನ್ಯವಾಗಿ ಯಾರೂ ಹೇಳಿಕೊಡುವುದಿಲ್ಲ. ಸ್ಟೈಲಿನಲ್ಲಿ ಗಾತ್ರ 14 ಅಂತ ಹಾಕಿರುತ್ತೀರಿ, ಇಂಗ್ಲಿಷ್ ಅಕ್ಷರ ದೊಡ್ಡದಾಗುತ್ತದೆ, ಕನ್ನಡ ಇದ್ದಷ್ಟೇ ಇರುತ್ತದೆ. ಯಾಕೆಂದರೆ ವರ್ಡ್ ಕನ್ನಡವನ್ನು ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅನ್ನುವ ಬೇರೆ ಗುಂಪಿಗೆ ಸೇರಿಸಿದೆ. ಫಾಂಟ್ ಕಿಟಕಿಯಲ್ಲಿ ಅದಕ್ಕೆ ಬೇರೆಯೇ ಜಾಗ ಇದೆ, ಕನ್ನಡದ ಫಾಂಟ್, ಗಾತ್ರ ಎರಡನ್ನೂ ಅಲ್ಲಿ ಹಾಕಬೇಕು. ರೈಟರ್‌ನಲ್ಲೂ ಹೀಗೇ, ಅಲ್ಲಿ ಅದರ ಹೆಸರು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್. ಇದು ಗೊತ್ತಿಲ್ಲದೆ ಸ್ಟೈಲ್ ಅನ್ನುವುದೇ ಕನ್ನಡಕ್ಕೆ ಕೆಲಸ ಮಾಡುವುದಿಲ್ಲ ಅಂತ ಕೈಬಿಟ್ಟವರನ್ನು ನೋಡಿದ್ದೇನೆ.

ಹಾಗೇ ಫಾಂಟ್ ಬಗ್ಗೆ ಇನ್ನೊಂದು ಮಾತು. ನೀವು ಬರೆದದ್ದು ಯೂನಿಕೋಡ್‌ನಲ್ಲಾ, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಒಂದೇ ಅಕ್ಷರ ಸಂಕೇತದಲ್ಲಾ, ಹಳೆಯ ಫಾಂಟ್‌ನಲ್ಲಾ ನೋಡಿಕೊಳ್ಳಿ. ಹಳೆಯ ಬಗೆಯ ಕನ್ನಡ ಫಾಂಟ್‌ಗಳಲ್ಲಿ ಫೈಲಿನ ಒಳಗೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಂಕೇತ, ಮೇಲೆ ಕನ್ನಡದ ವೇಷ ಮಾತ್ರ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಬರೀ ಗೀಚುಗೀಚು. ಕನ್ನಡ ಟೈಪ್ ಮಾಡುವ ತಂತ್ರಾಂಶಗಳಾದ ನುಡಿ, ಬರಹ ಎರಡರಲ್ಲೂ ಯೂನಿಕೋಡ್‌ನಲ್ಲಿ ಬರೆಯುವ ಆಯ್ಕೆ ಇದೆ, ಅದನ್ನೇ ಇಟ್ಟುಕೊಳ್ಳಿ. ಫಾಂಟ್ ಕೂಡ ಎಲ್ಲರ ಹತ್ತಿರ ಇರುವುದೇ ಒಳ್ಳೆಯದು, ವಿಂಡೋಸ್‌ನ ಜೊತೆಗೇ ಬರುವ ನಿರ್ಮಲಾ ಯುಐ, ಅಥವಾ ಪುಕ್ಕಟೆ ಸಿಗುವ ನೋಟೋ ಸಾನ್ಸ್ ಕನ್ನಡ. ಪರೀಕ್ಷೆ ಸುಲಭ: ಒಂದು ಪದ ಕಾಪಿ ಮಾಡಿ ಮೊಬೈಲ್‌ಗೆ ಕಳಿಸಿ. ಅಲ್ಲಿ ಕನ್ನಡವಾಗಿಯೇ ಕಂಡರೆ ಯೂನಿಕೋಡ್.

ಕೆಡಿಸಿಬಿಟ್ಟರೆ ಅನ್ನುವ ನಿಮ್ಮ ಭಯಕ್ಕೆ ಬರೋಣ. ಒಂದು ಗುಂಡಿ ಒತ್ತಿದ್ದಕ್ಕೆ ಕಂಪ್ಯೂಟರ್ ಕೆಡುವುದಿಲ್ಲ. ವರದಿ ಕೆಡಬಹುದು, ಅದಕ್ಕೂ ಕಂಟ್ರೋಲ್ ಝಡ್ ಇದೆ. ಒಂದು ಸಲ ಒತ್ತಿದರೆ ಒಂದು ಹೆಜ್ಜೆ ಹಿಂದಕ್ಕೆ, ಹತ್ತು ಸಲ ಒತ್ತಿದರೆ ಹತ್ತು ಹೆಜ್ಜೆ. ವರ್ಡ್ ತನ್ನಷ್ಟಕ್ಕೆ ಮಾಡುವ ಉಪಕಾರಗಳನ್ನು ಬೇಡ ಅನ್ನುವುದಕ್ಕೂ ಇದೇ ದಾರಿ. ಒಂದು ಉದಾಹರಣೆ ನೀವೇ ಮಾಡಿ ನೋಡಿ. ಖಾಲಿ ಸಾಲಿನಲ್ಲಿ ಮೂರು ಅಡ್ಡಗೆರೆ (---) ಟೈಪ್ ಮಾಡಿ ಎಂಟರ್ ಒತ್ತಿ. ಪುಟದ ಈ ತುದಿಯಿಂದ ಆ ತುದಿಗೆ ಒಂದು ಗೆರೆ ಎಳೆದುಕೊಳ್ಳುತ್ತದೆ. ಅದನ್ನು ಆಯ್ಕೆ ಮಾಡಲು ಹೋದರೆ ಆಗುವುದಿಲ್ಲ, ಬ್ಯಾಕ್‌ಸ್ಪೇಸ್‌ಗೂ ಜಗ್ಗುವುದಿಲ್ಲ. ದೆವ್ವ ಗಿವ್ವ ಏನಿಲ್ಲ, ಅದು ಪ್ಯಾರಾದ ಕೆಳಗಿನ ಬಾರ್ಡರ್. ತಕ್ಷಣ ಕಂಟ್ರೋಲ್ ಝಡ್ ಒತ್ತಿದರೆ ಗೆರೆ ಹೋಗಿ ನಿಮ್ಮ ಮೂರು ಅಡ್ಡಗೆರೆ ವಾಪಸ್ ಬರುತ್ತವೆ. ತಡವಾಗಿ ಕಂಡರೆ ಗೆರೆಯ ಮೇಲಿನ ಪ್ಯಾರಾದಲ್ಲಿ ಕರ್ಸರ್ ಇಟ್ಟು ಬಾರ್ಡರ್ಸ್‌ನಲ್ಲಿ ನೋ ಬಾರ್ಡರ್ ಒತ್ತಿ.

ನಿಜವಾಗಿ ಹೆದರಬೇಕಾದ್ದು ಬೇರೆ. ಎಲ್ಲವನ್ನೂ ಆಯ್ಕೆ ಮಾಡಿಕೊಂಡಿರುವಾಗ ಕೈತಪ್ಪಿ ಒಂದು ಅಕ್ಷರ ಒತ್ತಿ, ಇಡೀ ಬರಹ ಮಾಯವಾಗಿ, ಗಾಬರಿಯಲ್ಲಿ ಸೇವ್ ಮಾಡಿ ಮುಚ್ಚಿಬಿಡುವುದು. ವರ್ಡ್, ರೈಟರ್‌ನಲ್ಲಿ ಫೈಲ್ ಮುಚ್ಚಿದ ಮೇಲೆ ಕಂಟ್ರೋಲ್ ಝಡ್‌ಗೆ ಹಿಂದಿನದು ನೆನಪಿರುವುದಿಲ್ಲ. ಗಾಬರಿಯಾದಾಗ ಸೇವ್ ಮಾಡಬೇಡಿ, ಮೊದಲು ಝಡ್. ಹಾಗೇ ಫೈಂಡ್ ಅಂಡ್ ರೀಪ್ಲೇಸ್‌ನಲ್ಲಿ ರೀಪ್ಲೇಸ್ ಆಲ್ ಒತ್ತುವ ಮುಂಚೆ ಎರಡು ಸಲ ಯೋಚಿಸಿ, ಅದು ಪದದೊಳಗಿನ ತುಂಡನ್ನೂ ಬಿಡುವುದಿಲ್ಲ. ತಾನಾಗಿ ಒಂದು ಪ್ರತಿ ಇಟ್ಟುಕೊಳ್ಳುವ ಆಟೋರಿಕವರ್ ಇದೆಯಲ್ಲ ಅಂತ ನಂಬಿ ಕೂರಬೇಡಿ. ವರ್ಡ್‌ನಲ್ಲಿ ಅದು ನಾವು ಬದಲಿಸದಿದ್ದರೆ 10 ನಿಮಿಷಕ್ಕೊಮ್ಮೆ ನಡೆಯುತ್ತದೆ, ಮತ್ತು ಅದು ಇರುವುದು ಕಂಪ್ಯೂಟರ್ ಹಠಾತ್ತನೆ ನಿಂತಾಗ ಕೈಹಿಡಿಯಲು, ನಾವು ಸೇವ್ ಮಾಡದಿದ್ದರೂ ನಡೆಯಲಿ ಅಂತ ಅಲ್ಲ.

ಟೈಪಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಬೆರಳು ಸಾಕು. ದಿನವಿಡೀ ಟೈಪ್ ಮಾಡುವ ಕೆಲಸವಾದರೆ ಹತ್ತೂ ಬೆರಳು ಕಲಿಯುವುದು ಒಳ್ಳೆಯದು, ನಿಮ್ಮದು ಹಾಗಲ್ಲ.

ಯಾವ ತಂತ್ರಾಂಶ ಅನ್ನುವುದಕ್ಕೆ ಒಂದೇ ಉತ್ತರ ಇಲ್ಲ. ಮೇಲೆ ಹೇಳಿದ ಸ್ಟೈಲ್, ಪೇಜ್ ಬ್ರೇಕ್, ಫೂಟರ್ ಎಲ್ಲ ವರ್ಡ್, ರೈಟರ್, ಗೂಗಲ್ ಡಾಕ್ಸ್ ಮೂರರಲ್ಲೂ ಇವೆ, ಗುಂಡಿಗಳ ಜಾಗ ಮಾತ್ರ ಬೇರೆ. ನೀವು ಕಳಿಸುವವರೆಲ್ಲ ವರ್ಡ್‌ನಲ್ಲೇ ತೆರೆದು ತಿದ್ದಿ ವಾಪಸ್ ಕಳಿಸುವವರಾದರೆ ವರ್ಡ್‌ಗೆ ಕೊಟ್ಟ ದುಡ್ಡು ದಂಡವಲ್ಲ. ನೀವೇ ಬರೆದು ನೀವೇ ಅಚ್ಚು ಹಾಕುವುದು ಜಾಸ್ತಿ ಅಂದರೆ ಲಿಬ್ರೆಆಫೀಸ್ ಧಾರಾಳವಾಗಿ ಸಾಕು. ಅದು 2010ರಿಂದ ಇದೆ, ಪುಕ್ಕಟೆ, ವರ್ಡ್‌ನ ಡಾಕೆಕ್ಸ್ (docx) ಫೈಲುಗಳನ್ನೂ ತೆರೆಯುತ್ತದೆ. ತೊಂದರೆ ಏನೆಂದರೆ, ಒಂದೇ ಫೈಲ್ ವರ್ಡ್‌ಗೂ ರೈಟರ್‌ಗೂ ನಾಲ್ಕಾರು ಸಲ ಓಡಾಡಿದರೆ ಚಿತ್ರ, ಕೋಷ್ಟಕಗಳು ಅತ್ತಿತ್ತ ಆಗುತ್ತವೆ. ಸಾದಾ ಬರಹಕ್ಕೆ ಅಷ್ಟೇನೂ ಆಗುವುದಿಲ್ಲ. ಗೂಗಲ್ ಡಾಕ್ಸ್‌ನಲ್ಲಿ ಸೇವ್ ಮಾಡುವ ಚಿಂತೆಯೇ ಇಲ್ಲ, ಹಳೆಯ ರೂಪಕ್ಕೂ ಹಿಂತಿರುಗಬಹುದು, ನಾಲ್ಕು ಜನ ಒಟ್ಟಿಗೆ ತಿದ್ದಬಹುದು. ಸಂಘದ ಕೆಲಸಕ್ಕೆ ಅನುಕೂಲವೇ. ಆದರೆ ಶೇರ್ ಮಾಡುವಾಗ ಲಿಂಕ್ ಇರುವ ಯಾರು ಬೇಕಾದರೂ ತಿದ್ದಬಹುದು ಅಂತ ಬಿಟ್ಟುಬಿಟ್ಟರೆ, ಆ ಲಿಂಕ್ ಎಲ್ಲೆಲ್ಲಿ ಹೋಗುತ್ತದೋ ನಿಮ್ಮ ನಡಾವಳಿಯೂ ಅಲ್ಲೆಲ್ಲ ಹೋಗುತ್ತದೆ. ಒಂದು ಮಾತ್ರ ಬೇಡವೇ ಬೇಡ: ಯಾರೋ ಕೊಟ್ಟ ಕದ್ದ ವರ್ಡ್. ಅದರ ಜೊತೆ ಇನ್ನೇನೇನು ಒಳಗೆ ಬರುತ್ತದೋ ಹೇಳಲಾಗದು.

ಕೋರ್ಸ್? ಸೇರುವ ಮುಂಚೆ ಒಂದು ಪ್ರಶ್ನೆ ಕೇಳಿ: "ಸ್ಟೈಲ್ ಬಳಸಿ ಉದ್ದದ ವರದಿ ಮಾಡುವುದನ್ನು ಕಲಿಸುತ್ತೀರಾ?" ಅಂತ. ಮುಖ ಮುಖ ನೋಡಿದರೆ ಎದ್ದು ಬನ್ನಿ. ಎಷ್ಟೋ ಕಡೆ ಮೆನುಗಳನ್ನು ಎಡದಿಂದ ಬಲಕ್ಕೆ ಒಂದೊಂದಾಗಿ ತೋರಿಸಿ, ಬಣ್ಣದ ಅಕ್ಷರ, ಹೂವಿನ ಬಾರ್ಡರ್ ಮಾಡಿಸಿ ಕೈತೊಳೆದುಕೊಳ್ಳುತ್ತಾರೆ. ನಿಮ್ಮ ಎದುರು ಈಗಾಗಲೇ ನಿಜವಾದ ವರದಿ ಇದೆ, ಅದಕ್ಕಿಂತ ಒಳ್ಳೆಯ ಪಾಠ ಯಾರೂ ಕೊಡಲಾರರು. ಮಗಳನ್ನೂ ಬಿಡಬೇಡಿ. ಆದರೆ ಮೌಸ್ ನಿಮ್ಮ ಕೈಯಲ್ಲೇ ಇರಲಿ. ಅವರು ಬಾಯಲ್ಲಿ ಹೇಳಲಿ, ನೀವು ಒತ್ತಿ. ಅವರಿಗೆ ತಾಳ್ಮೆ ತಪ್ಪುತ್ತದೆ, ತಪ್ಪಲಿ ಬಿಡಿ.

ಕೊನೆಗೆ ಆ 14 ಪುಟ. ಮೊದಲು ಸೇವ್ ಆ್ಯಸ್ ಕೊಟ್ಟು ಬೇರೆ ಹೆಸರಿನ ಪ್ರತಿ ಮಾಡಿ, ಮೂಲವನ್ನು ಮುಟ್ಟಬೇಡಿ. ಆಮೇಲೆ ಎರಡು ದಾರಿ. ಇದ್ದದ್ದರಲ್ಲೇ ಖಾಲಿ ಪ್ಯಾರಾಗಳನ್ನು ಅಳಿಸುತ್ತಾ, ಸ್ಟೈಲ್ ಹಾಕುತ್ತಾ ಹೋಗಬಹುದು. ಕೋಷ್ಟಕ, ಅಡಿಟಿಪ್ಪಣಿ ಜಾಸ್ತಿ ಇದ್ದರೆ ಇದೇ ಸರಿ, ಆದರೆ ಎಲ್ಲೋ ಒಂದು ಕಡೆ ಹಳೆಯ ಗಂಟು ಉಳಿದು ಮತ್ತೆ ಕಾಡಬಹುದು. ಇಲ್ಲವಾದರೆ ಹೊಸ ಫೈಲ್ ತೆರೆದು, ಪುಟದ ಅಳತೆ ಎ4 ಅಂದರೆ 210 x 297 ಮಿಲಿಮೀಟರ್ ಇದೆಯಾ ಅಂತ ನೋಡಿ, ಎಷ್ಟೋ ಸಲ ಅದು ಲೆಟರ್ ಅನ್ನುವ ಬೇರೆ ಅಳತೆಯಲ್ಲಿದ್ದು ಪುಟ 18 ಮಿಲಿಮೀಟರ್ ಗಿಡ್ಡ ಆಗಿರುತ್ತದೆ. ಆಮೇಲೆ ಹಳೆಯ ಬರಹವನ್ನೆಲ್ಲ ಕೀಪ್ ಟೆಕ್ಸ್ಟ್ ಓನ್ಲಿ ಅಂತ ಪೇಸ್ಟ್ ಮಾಡಿ. ಬೋಲ್ಡ್, ಓರೆ ಅಕ್ಷರ ಎಲ್ಲ ಹೋಗುತ್ತದೆ, ಕೋಷ್ಟಕಗಳು ಬರೀ ಬರಹವಾಗುತ್ತವೆ, ಅವನ್ನು ಬೇರೆಯಾಗಿ ತರಬೇಕು. ನಾನಾದರೆ ಈ ಎರಡನೆಯದನ್ನೇ ಮಾಡುತ್ತಿದ್ದೆ. ಬರೀ ಬರಹ ಇರುವ 14 ಪುಟಕ್ಕೆ ಒಂದು ಸಂಜೆ ಸಾಕು.

ತಲೆಬರಹಗಳಿಗೆಲ್ಲ ಹೆಡಿಂಗ್ ಸ್ಟೈಲ್ ಬಿದ್ದಮೇಲೆ ಪರಿವಿಡಿಯನ್ನು ನೀವು ಟೈಪ್ ಮಾಡಬೇಡಿ. ವರ್ಡ್‌ನಲ್ಲಿ ರೆಫರೆನ್ಸಸ್‌ಗೆ ಹೋಗಿ ಟೇಬಲ್ ಆಫ್ ಕಂಟೆಂಟ್ಸ್ ಒತ್ತಿ, ಪುಟ ಸಂಖ್ಯೆ ಸಮೇತ ಬರುತ್ತದೆ. ಆಮೇಲೆ ಬರಹ ತಿದ್ದಿದರೆ ಆ ಸಂಖ್ಯೆಗಳು ತಾವಾಗಿ ಬದಲಾಗುವುದಿಲ್ಲ, ಪರಿವಿಡಿಯ ಮೇಲೆ ಕ್ಲಿಕ್ ಮಾಡಿ ಎಫ್9 ಒತ್ತಬೇಕು. ಅದನ್ನು ಒತ್ತಿ, ಒಮ್ಮೆ ಕಣ್ಣಾಡಿಸಿ, ಆಮೇಲೆ ಪಿಡಿಎಫ್ ಮಾಡಿ. ಅದರಲ್ಲಿ ಪುಟಗಳು ಇದ್ದಲ್ಲೇ ಇರುತ್ತವೆ, ಫಾಂಟ್ ಕೂಡ ಜೊತೆಗೇ ಹೋಗುತ್ತದೆ. ಅಧ್ಯಕ್ಷರು ಓದುವುದಷ್ಟೇ ಆದರೆ ಪಿಡಿಎಫ್ ಕಳಿಸಿ. ಅವರು ತಿದ್ದಬೇಕು ಅಂದರೆ ಮಾತ್ರ ಮೂಲ ಫೈಲ್.